ಗುಡ್ಡ ಅಳೆಯಲು ಬಂದವಳಲ್ಲ

ಸಂಡೂರು ತಾಲ್ಲೂಕು, ಮೇ ೧೨

ಚಿಕ್ಕಮ್ಮಾ, ನಾನು ಕ್ಷೇಮ, ಆದರೆ ಸೆರೆಯಲ್ಲಿದ್ದೇನೆ!

ಬೆಳಿಗ್ಗೆ ವಡ್ಡು ಎಂಬ ಊರಿನಿಂದ ಒಬ್ಬಳೇ ಹೊರಟು, ಅದಿರಿನ ಕೆಂಪು ಗುಡ್ಡ ಹತ್ತಿ ಈಚೆಯ ಹಳ್ಳಿಗೆ ಇಳಿದೆ. ನನ್ನ ಟೋಪಿ, ಕೋಲು, ಮೊಬೈಲಿನ ನಕ್ಷೆ ನೋಡಿದ್ದೇ ನಿಂಗಕ್ಕ ಎಂಬ ಅಜ್ಜಿ ದಾರಿಗೆ ಅಡ್ಡ ನಿಂತರು.

“ಯಾವ ಗುಡ್ಡ ಅಳಿಯಾಕ ಬಂದೀ ಯವ್ವಾ? ಹಿಂದ ಒಬ್ಬ ಹಿಂಗ ಬಂದು ಅಳದು, ಕಾಗದಕ್ಕ ನಮ್ಮ ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ. ಈಗ ಆ ಗುಡ್ಡಾನ ಇಲ್ಲ.”

ಸುಮ್ಮನೆ ನಡೆಯಲು ಬಂದೆ ಎಂದೆ.

“ಈ ಬಿಸಿಲಾಗ ಸುಮ್ನ ಯಾರರ ನಡೀತಾರೇನು?”

ಚೀಲವನ್ನೇ ಸುರುವಿಸಿದರು. ಸಿಕ್ಕಿದ್ದು ನೀವು ಕಟ್ಟಿಕೊಟ್ಟ ಚಕ್ಕುಲಿ ಮತ್ತು ಈ ಖಾಲಿ ಅಂಚೆ ಕಾರ್ಡು!

“ಹಂಗಾದ್ರ ಮನಿಗಿ ಬರಿ, ಗುಡ್ಡ ಅಳಿಯಾಕ ಬಂದಿಲ್ಲ ಅಂತ.”

ಬರೆದಿದ್ದೇನೆ ಚಿಕ್ಕಮ್ಮಾ: ಅಳೆಯಲು ಬಂದಿಲ್ಲ. ಅವರ ಸೊಸೆ ಚಂದ್ರಕಲಾ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದಾರೆ. ಅಜ್ಜಿ ನನಗೆ ರೊಟ್ಟಿ, ಮಜ್ಜಿಗೆ ಕೊಟ್ಟು ನಿಮ್ಮ ಚಕ್ಕುಲಿ ಮುಗಿಸುತ್ತಿದ್ದಾರೆ. ಹಿಮ್ಮಡಿಯ ಬೊಬ್ಬೆ ಬಿಟ್ಟರೆ ಆರೋಗ್ಯ ಚೆನ್ನಾಗಿದೆ. ನಾಳೆಯೂ ನಡೆಯುತ್ತೇನೆ, ಬೈಯಬೇಡಿ. ಜಾಗ ಮುಗಿಯಿತು.

ನಿಮ್ಮ ಸುಪ್ರಭಾ

ಮೂಲೆಯ ಕೆಂಪು ಕಲೆ ಕೊಳೆಯಲ್ಲ, ಸಾಕ್ಷಿಗೆಂದು ನಿಂಗಕ್ಕ ಮಣ್ಣಿನಲ್ಲಿ ಅದ್ದಿ ಒತ್ತಿದ ಹೆಬ್ಬೆಟ್ಟು. “ಈ ಸಲ ಓದಿಸಿ ಕೇಳೇ ಒತ್ತೀನಿ,” ಎಂದರು.