ಆರು ಜನರ ಅಳತೆ

ಮೇ ೧೪, ಬುಧವಾರ.

ನನ್ನನ್ನು ಕರೆದುಕೊಂಡು ಹೋಗುವುದಿಲ್ಲ ಅನ್ನುವುದು ಇವತ್ತು ಡಬ್ಬಿಗಳಿಗೆ ಚೀಟಿ ಅಂಟಿಸುವಾಗ ಗೊತ್ತಾಯಿತು.

ಅಣ್ಣ, ಅತ್ತಿಗೆ ಸಮುದ್ರದ ಹತ್ತಿರ ಒಂದು ವಾರಕ್ಕೆ ಬಾಡಿಗೆ ಮನೆ ಹಿಡಿದಿದ್ದಾರೆ. ಅಂಥ ಮನೆಗಳ ಚಾಕು ಬೆಣ್ಣೆಯನ್ನೂ ಕೊಯ್ಯುವುದಿಲ್ಲವಂತೆ. ಅದಕ್ಕೇ ನಮ್ಮ ಚಾಕು, ಬಾಣಲೆ, ಸೌಟು, ಅಕ್ಕಿ, ಬೇಳೆ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಜೋಡಿಸಿದೆ. ಪ್ರತಿ ಡಬ್ಬಿಯ ಮೇಲೂ ಅಡುಗೆಯ ಅಳತೆ ಬರೆಯಲು ಅತ್ತಿಗೆ ಹೇಳಿದ್ದರು. ಒಂದು ದಿನವಾದರೂ ತಾವೇ ಒಲೆ ಮುಂದೆ ನಿಲ್ಲುವ ಆಸೆ ಇರಬೇಕು ಅಂದುಕೊಂಡೆ, ಪೆದ್ದಿ ನಾನು. ಅಮ್ಮ, ಅಣ್ಣ, ಅತ್ತಿಗೆ, ಮಕ್ಕಳಿಬ್ಬರು, ನಾನು ಅಂತ ಎಣಿಸಿ ದುಂಡಗೆ ಬರೆದೆ: ಆರು ಜನಕ್ಕೆ ಇಷ್ಟು.

ಅತ್ತಿಗೆ ಓದಿ, "ಆರಲ್ಲ ಕಣೇ, ಐದು ಮಾಡು. ಮನೆ ನೋಡ್ಕೊಳ್ಳೋಕೆ ಒಬ್ರು ಬೇಡ್ವಾ?" ಅಂದರು.

ಅಣ್ಣ ನಕ್ಕ. "ನಿನ್ನ ಖಾರದ ಪುಡಿ ಬರ್ತಿದೆಯಲ್ಲ, ನೀನೇ ಬಂದ ಹಾಗೆ ಬಿಡು."

ಅಮ್ಮ ಪಕ್ಕದಲ್ಲೇ ತನ್ನ ಬಟ್ಟೆ ಮಡಿಸುತ್ತಿದ್ದಳು. ಇನ್ನೊಂದು ಸೀರೆ ಎತ್ತಿಕೊಂಡಳು. ನಾನೂ ಸಮುದ್ರ ನೋಡಿಲ್ಲ.

ಎಲ್ಲ ಚೀಟಿಗಳಲ್ಲೂ ಆರನ್ನು ಹೊಡೆದು ಐದು ಬರೆದೆ, ಅಳತೆಯನ್ನೂ ಇಳಿಸಿದೆ. ಉಪ್ಪಿನ ಡಬ್ಬಿಯ ಚೀಟಿಯಲ್ಲೂ ಐದು ಅಂತಲೇ ತಿದ್ದಿದೆ. ಅಲ್ಲಿ ಅಳತೆ ಮಾತ್ರ ಆರು ಜನರದೇ ಬಿಟ್ಟೆ. ನನ್ನ ಪಾಲಿನ ಉಪ್ಪನ್ನೂ ಅವರೇ ತಿನ್ನಲಿ.