ಹಲ್ಲಿನ ಲೋಹದ ಡೀಸೆಲ್ ಇಂಜಿನ್

ಜನವರಿ 12, ಭಾನುವಾರ

ಎರಡು ದವಡೆಯ ಕಟ್ಟುಹಲ್ಲು ಮುಗಿಸಿದೆ. ಹಲ್ಲಿನ ಡಾಕ್ಟರ ಕಡೆಯವರು ನಾಳೆ ಬಂದು ಒಯ್ಯುತ್ತಾರೆ. ಲ್ಯಾಬಿನ ಕುಲುಮೆ ಇನ್ನೂ ಬಿಸಿಯಿತ್ತು, ಸುಮ್ಮನೆ ಆರಿಸುವುದೇಕೆ... ನಮ್ಮ ಮಾಡೆಲ್ ರೈಲು ಇಂಜಿನ್ನಿನ ಸೈಡ್‌ಫ್ರೇಮ್ ಹೊಯ್ದೆ. ಗಾಲಿಗಳ ಹೊರಗೆ ಕಾಣುವ ಚೌಕಟ್ಟು. ಹಲ್ಲಿನ ಕ್ಯಾಪಿಗೆ ಹಾಕುವ ಲೋಹವೇ. ಎರಡು ಚೆನ್ನಾಗಿ ಬಂದವು. ಮೂರನೆಯದರಲ್ಲಿ ಗಾಳಿಗುಳ್ಳೆ — ನಡುವಿನ ಗಾಲಿಯ ಮೇಲೆ ಪುಟ್ಟ ಗುಳಿ.

ಇವೆಲ್ಲ ಅಂಗಡಿಯಲ್ಲಿ ಸಿಗುವಂಥವಲ್ಲ. ನಮ್ಮ ದೇಶದ ಡೀಸೆಲ್ ಇಂಜಿನ್ನಿಗೆ ಈ ಅಳತೆಯಲ್ಲಿ ಬಿಡಿಭಾಗ ಮಾಡುವವರೇ ಇಲ್ಲ. ಮೋಟಾರು ಕೆಟ್ಟ ಪ್ರಿಂಟರಿನದು. ಮೇಲಿನ ಬಾಡಿ ಮಾಡಲು ಪ್ಲಾಸ್ಟಿಕ್ ಶೀಟು. ಕೈಹಿಡಿಗಳಿಗೆ ಗಿಟಾರ್ ತಂತಿ. ಗಾಲಿ, ಚೌಕಟ್ಟು ನನ್ನ ಕೆಲಸ, ಅದರ ಮೇಲಿನದು ಹಾವೇರಿಯ ಕೊಟ್ರೇಶಣ್ಣನದು. ಒಂಬತ್ತು ವರ್ಷ ಅವರ ಫೋಟೊ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕೂತು ಜಗಳವಾಡುತ್ತ ಮಾಡಿದ್ದು. ಕಳೆದ ವರ್ಷದಿಂದ ಬರಬೇಡ ಅನ್ನುತ್ತಾರೆ. ಬಸ್ಸಿನಲ್ಲಿ ಕೊಟ್ಟು ಕಳಿಸು, ಸಾಕು.

ಕಳಿಸಿದೆ. ಗುಳಿಬಿದ್ದದ್ದನ್ನೂ ಸೇರಿಸಿ.

ಜನವರಿ 28

ಈ ವರ್ಷದ ಮೊದಲ ಇಂಜಿನ್ನಿನ ಬಾಡಿ ಬಂತು, ನನ್ನ ಫ್ರೇಮ್ ಕೂರಿಸಿ. ಡಬ್ಬಿ ಬಿಚ್ಚಿದ ಕೂಡಲೇ ಸೀನು. ಒಳಗಿನ ಕಾಗದಕ್ಕೆಲ್ಲ ಮೆಣಸಿನಕಾಯಿ ಘಾಟು. ಫೋಟೊ ಸ್ಟುಡಿಯೊದಲ್ಲಿ ಮೆಣಸಿನಕಾಯಿ?

ಕೆಲಸ ಚೆನ್ನಾಗಿದೆ. ಅದೇ ತೊಂದರೆ. ಕೊಟ್ರೇಶಣ್ಣ ತಂತಿ ಬಗ್ಗಿಸಿದರೆ ಇಕ್ಕಳದ ಗುರುತು ಬಿದ್ದೇ ಬೀಳುತ್ತದೆ. ಇದರಲ್ಲಿ ಒಂದೂ ಇಲ್ಲ. ಲೆನ್ಸ್ ಹಿಡಿದು ಎಲ್ಲ ಕಡೆ ನೋಡಿದೆ.

ಫೋನ್ ಮಾಡಿದೆ. ಹೊಸ ಇಕ್ಕಳ ತಂದೇನಿ ಅಂದರು. ಗುಳಿಬಿದ್ದ ಫ್ರೇಮ್ ಎಲ್ಲಿ ಅಂದೆ. ಎಸೆದೆ ಅಂದರು. ಗಿರಾಕಿ ಬಂದಾರ ಅಂತ ಇಟ್ಟುಬಿಟ್ಟರು.

ಫೆಬ್ರವರಿ 6

ಯಾರೋ ಮಾಡಿಕೊಡುತ್ತಿದ್ದಾರೆ. ಅವರಿಗೆ ನನ್ನ ಎರಕಗಳನ್ನು ಕೊಡುತ್ತಿರಬಹುದು. ತಮ್ಮದೇ ಅಂತಲೂ ಹೇಳಿರಬಹುದು.

ವಿರೂಪಾಕ್ಷನಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತದೆ, ಹಾವೇರಿ ಏನು ದೂರ, ಹೋಗಿ ಕೇಳಿ ಬಾ ಅಂದ. ಗಂಡಂದಿರಿಗೆ ಎಲ್ಲವೂ ಸುಲಭ. ಕೇಳಿದರೆ ಅವರು ಇನ್ನೊಂದು ಸುಳ್ಳು ಹೇಳುತ್ತಾರೆ, ಅಷ್ಟೇ.

ಬೇರೆ ದಾರಿ ಇದೆ. ಎರಡನೇ ಇಂಜಿನ್ನಿನ ಅಳತೆಯ ಚಿತ್ರ ಬರೆಯುವವಳು ನಾನೇ. ಕ್ಯಾಬಿನ್ನಿನ ಪಕ್ಕದ ಕಿಟಕಿಯನ್ನು ಬೇಕೆಂದೇ ಒಂದಿಷ್ಟು ಮೇಲೆ ಬರೆದು ಕಳಿಸಿದೆ. ಕೊಟ್ರೇಶಣ್ಣನ ಕೈಗೆ ಹೋದರೆ ಅರ್ಧ ತಾಸಿನಲ್ಲಿ ಫೋನ್ ಬರುತ್ತದೆ, ಬೈಗುಳದ ಸಮೇತ.

ಫೆಬ್ರವರಿ 21

ಫೋನ್ ಬರಲಿಲ್ಲ. ಬಾಡಿ ಬಂತು. ಕಿಟಕಿ ಇರಬೇಕಾದಲ್ಲೇ ಇದೆ. ಒಂದು ಮಾತೂ ಇಲ್ಲದೆ ತಿದ್ದಿ ಕಳಿಸಿದ್ದಾರೆ. ಇದು ಅವರ ಕೈಯಲ್ಲ. ಖಾತ್ರಿಯಾಯಿತು.

ಖುಷಿಯಾಗಬೇಕಿತ್ತು. ಬಾಡಿಯನ್ನು ಡಬ್ಬಿಗೇ ವಾಪಸು ಹಾಕಿಟ್ಟೆ.

ಫೆಬ್ರವರಿ 27

ಮಾಡೆಲ್ ಮಾಡುವವರ ವಾಟ್ಸಾಪ್ ಗ್ರೂಪಿನಲ್ಲಿ ಹೊಸಬರು ಯಾರೋ ಫೋಟೊ ಹಾಕಿದ್ದಾರೆ. ‘ನನ್ನ ಮೊದಲ ಇಂಜಿನ್. ಬ್ಯಾಡಗಿ.’ ಹೆಸರಿಲ್ಲ. ದೊಡ್ಡದು ಮಾಡಿ ನೋಡಿದೆ... ನಡುವಿನ ಗಾಲಿಯ ಮೇಲೆ ಗುಳಿ. ನನ್ನ ಗುಳಿ.

ಎಸೆದೆ ಅಂದಿದ್ದರಲ್ಲ.

ನೋಡಲು ಬರಬಹುದೇ ಅಂತ ಮೆಸೇಜ್ ಹಾಕಿದೆ, ಬಹಳ ಸಭ್ಯವಾಗಿ. ಭಾನುವಾರ ಮನೆಯಲ್ಲಿರುತ್ತೇನೆ, ಬನ್ನಿ ಅಂತ ಉತ್ತರ. ವಿಳಾಸ ಕೂಡ. ಕದ್ದವರು ವಿಳಾಸ ಕೊಡುತ್ತಾರೆಯೇ?

ಮಾರ್ಚ್ 2, ಭಾನುವಾರ

ಬ್ಯಾಡಗಿಗೆ ಹೋಗಿ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗಲೇ ಆ ಘಾಟು. ಡಬ್ಬಿಯ ಘಾಟು.

ಹುಡುಗಿ. ಶಾಹೀನ್ ಅಂತ ಹೆಸರು. ಕೋಲ್ಡ್ ಸ್ಟೋರೇಜಿನ ಲ್ಯಾಬಿನಲ್ಲಿ ಮೆಣಸಿನಕಾಯಿಯ ಬಣ್ಣ ಪರೀಕ್ಷೆ ಮಾಡುವ ಕೆಲಸ. ತನಗೆ ರಂಜಾನಿನ ರೋಜಾ ಉಪವಾಸವಿದ್ದರೂ ನನಗೆ ಚಹಾ ತಂದಿಟ್ಟಳು. ನಾನು ಕುಡಿಯಲಿಲ್ಲ. ಈ ಸೈಡ್‌ಫ್ರೇಮ್ ಎಲ್ಲಿಂದ ಬಂತು ಅಂತ ನಿಂತುಕೊಂಡೇ ಕೇಳಿದೆ.

ಅವಳಿಗೆ ನಾನು ಯಾರೆಂದು ತಕ್ಷಣ ಗೊತ್ತಾಯಿತು. ಸುಲಭಾ ಮೇಡಂ ಏನ್ರಿ ಅಂದಳು.

“ಹಾಳಾದದ್ದು, ನೀ ಇಟ್ಕೊ ಅಂತ ಕೊಟ್ರೇಶ ಸರ್ ಕೊಟ್ರು ಮೇಡಂ. ನಿಮ್ಮದು ಅಂತನೂ ಹೇಳ್ಯಾರ.”

ಬಾಡಿಗಳನ್ನು ಮಾಡಿದ್ದು ಯಾರು ಅಂದೆ. ನಾನೇ ಅಂದಳು. ಪಾಸ್‌ಪೋರ್ಟ್ ಫೋಟೊ ತೆಗೆಸಲು ಹೋದಾಗ ಗಾಜಿನ ಕಪಾಟಿನಲ್ಲಿ ನಮ್ಮ ಇಂಜಿನ್ನುಗಳನ್ನು ನೋಡಿದಳಂತೆ. ಆಮೇಲೆ ಪ್ರತಿ ಶನಿವಾರ ಸಂಜೆ ಅವರೇ ಕಲಿಸಿದರಂತೆ, ಬಾಯಿಮಾತಿನಲ್ಲಿ. ಬಾಯಿಮಾತಿನಲ್ಲಿ ಯಾಕೆ? ಕೇಳಿಯೇಬಿಟ್ಟೆ.

“ಸರ್ ಹೇಳಬ್ಯಾಡ ಅಂದಾರ. ಅವರ ಕೈ ನಡಗ್ತಾವ್ರಿ.”

ಆಗ ಕೂತೆ. ಚಹಾ ತಣ್ಣಗಾಗಿತ್ತು. ಕುಡಿದೆ.

ಇದೂ ಕಟ್ಟುಕಥೆ ಇರಬಹುದೇ ಅಂತ ಬಸ್ಸಿನಲ್ಲಿ ಒಮ್ಮೆ ಅನ್ನಿಸಿತು. ನಾಚಿಕೆಯಾಯಿತು.

ಮಾರ್ಚ್ 16

ಇಷ್ಟು ದಿನ ಧೈರ್ಯ ಬರಲಿಲ್ಲ. ಇವತ್ತು ಹಾವೇರಿಗೆ ಹೋದೆ, ಫೋನ್ ಮಾಡದೆ.

ಸ್ಟುಡಿಯೊದಲ್ಲಿ ಕ್ಯಾಮರಾ ಹಿಡಿದಿದ್ದವನು ಬೇರೆ ಯಾರೋ. ಕೊಟ್ರೇಶಣ್ಣ ಹಿಂದಿನ ಕೋಣೆಯಲ್ಲಿದ್ದರು. ನನ್ನನ್ನು ನೋಡಿ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿದರು. ಆದರೂ ಭುಜದವರೆಗೆ ನಡುಗುತ್ತಿತ್ತು. ವಾಸಿಯಾಗುವ ಜಡ್ಡಲ್ಲವಂತೆ. ಗುಳಿಗೆ ತಗೊಂಡರೆ ಸ್ವಲ್ಪ ಹೊತ್ತು ಕಡಿಮೆಯಂತೆ.

ನನಗೆ ಯಾಕೆ ಹೇಳಲಿಲ್ಲ ಅಂದೆ. ದನಿ ಏರಿತ್ತು.

“ಹೇಳಿದ್ದರ ನಿನ್ನ ಡಬ್ಬಿ ಬರೂದು ನಿಂದ್ರತಿತ್ತು ತಂಗಿ. ಅದೊಂದೇ ಐತಿ ನನಗ.”

ಸ್ಟೂಲು ಎಳೆದು ಅವರ ಎದುರಿಗೆ ಕೂತೆ. ಅವರೇ ಮುಂದುವರಿಸಿದರು, ಮೆಲ್ಲಗೆ.

“ಆ ಕಿಟಕಿ. ಬೇಕಂತನ ತಪ್ಪು ಬರದಿದ್ದಿ, ಹೌದಿಲ್ಲೋ?”

ಹೌದು ಅಂದೆ.

“ನೋಡಿದ ಕೂಡ್ಲೆ ಗೊತ್ತಾತು. ಫೋನ್ ಮಾಡಿ ಬೈಯೂಣು ಅಂತ ಎತ್ತಿದೆ. ಕೈಯಾಗಿಂದ ಬಿತ್ತು. ಆಮ್ಯಾಲ ಅಂದ್ಕೊಂಡೆ, ಒಂಬತ್ತು ವರ್ಷದ ಮ್ಯಾಲ ಸುಲಭಾ ನನ್ನ ಪರೀಕ್ಷಾ ಮಾಡಾಕತ್ತಾಳ. ಮಾಡ್ಲಿ.”

ಇನ್ನು ಮುಂದೆ ನೀವು, ನಾನು, ಶಾಹೀನ್ ಮೂವರೂ ಇಲ್ಲೇ ಕೂತು ಮಾಡೋಣ ಅಂದೆ. ಆಗಲಿ ಅಂದರು.

ಏಪ್ರಿಲ್ 13

ಮೂರನೇ ಇಂಜಿನ್ ಶುರು. ಶಾಹೀನ್ ಕತ್ತರಿಸುತ್ತಾಳೆ, ಅಣ್ಣ ಕುರ್ಚಿಯಲ್ಲಿ ಕೂತು ಹೇಳುತ್ತಾರೆ. ರೇಡಿಯೇಟರಿನ ಜಾಲರಿಗಾಗಿ ಚಹಾ ಸೋಸುವ ಜರಡಿ ಕತ್ತರಿಸಿದಳು. ಸೊಟ್ಟಗಾಯಿತು. ಕಣ್ಣು ಎಲ್ಲಿಟ್ಟೀದಿ ಅಂತ ಚೆನ್ನಾಗಿ ಬೈಸಿಕೊಂಡಳು. ನಗುತ್ತ ಮತ್ತೊಂದು ಕತ್ತರಿಸಿದಳು.

ನನ್ನ ಎರಕವೂ ಈ ಸಲ ಒರಟು. ನನಗೇ ಗೊತ್ತು. ಮುಂದೆ ಹಿಡಿದೆ. ಹೊರಳಿಸಿ ನೋಡಿದರು.

“ಚಲೋ ಆಗೇತ್ರಿ, ಸುಲಭಾ ಅವರ.”

ತಂಗಿ ಅನ್ನುತ್ತಿದ್ದವರು ರಿ ಹಚ್ಚಿದರು. ನನಗೆ. ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಶಾಹೀನ್ ಇದ್ದಳೆಂದು ಮರ್ಯಾದೆ ಕೊಟ್ಟರೇ... ಅಥವಾ ಗುಳಿಗೆಯ ಮಂಪರಿನಲ್ಲಿ ಒರಟು ಕಾಣಲಿಲ್ಲವೇ... ಅಥವಾ ಇನ್ನು ಮೇಲೆ ನನ್ನನ್ನು ಬೈಯುವುದೇ ಇಲ್ಲವೇ.

ಮತ್ತೆ ಹೀಗೆ ಕೂತು ಲೆಕ್ಕ ಹಾಕುವುದು ಬೇಡ. ಎರಕ ಒರಟಿತ್ತು, ಯಾಕೆ ಬೈಯಲಿಲ್ಲ ಅಂತ ಈ ಸಲ ನೇರ ಕೇಳುತ್ತೇನೆ. ಫೋನ್ ಹಚ್ಚಿದ್ದೇನೆ, ಸ್ಪೀಕರ್ ಮೇಲೆ. ರಿಂಗ್ ಆಗುತ್ತಿದೆ. ಎತ್ತಲು ಅವರಿಗೆ ಹೊತ್ತು ಬೇಕು, ಕಾಯಬೇಕು. ಆಗುತ್ತಲೇ ಇದೆ... ಎತ್ತಿದರು.