ಎದುರುಬದುರು ಕೂತ ಊಟ

ಮಾರ್ಚ್ ೧೪, ಶನಿವಾರ

ಮೀನಿಗೆ ಉಪ್ಪು ತುಸು ಹೆಚ್ಚಾಗಿತ್ತು. ಆದರೆ ಮನಸ್ಸನ್ನು ಕೊರೆಯುತ್ತಿರುವುದು ಅದಲ್ಲ.

ಬೆಳಿಗ್ಗೆ ದ್ವೀಪ ಸುತ್ತಲು ದೋಣಿ ಹತ್ತಿದೆವು. ನೀರು ಎಷ್ಟು ತಿಳಿಯಾಗಿತ್ತೆಂದರೆ, ದೋಣಿಯ ನೆರಳು ತಳದ ಮರಳಿನ ಮೇಲೆ ನಮ್ಮ ಜೊತೆಗೇ ಬರುತ್ತಿತ್ತು. ಇವರು "ದೀಪಸ್ತಂಭ ನೋಡೇ" ಅಂದರೂ ನಾನು ನೆರಳನ್ನೇ ನೋಡುತ್ತಿದ್ದೆ. ಈಗ ರಾತ್ರಿ ಮಲಗಿ ಬರೆಯುವಾಗಲೂ ಮಂಚ ತೇಲುತ್ತಿರುವ ಹಾಗಿದೆ.

ಮಧ್ಯಾಹ್ನ ದಡದ ಚಪ್ಪರದ ಹೋಟೆಲಿನಲ್ಲಿ ಎದುರುಬದುರು ಕೂತೆವು. ಊರಲ್ಲಿ ನಮ್ಮ ಮೆಸ್ ಶುರುಮಾಡಿದಾಗಿನಿಂದ ಇವರು ಒಲೆ ಮುಂದೆ, ನಾನು ಬಡಿಸುವ ಕಡೆ. ಒಟ್ಟಿಗೆ ಕೂತು ಉಂಡ ನೆನಪೇ ಇಲ್ಲ. ಕೈ ಎಲ್ಲಿಡಬೇಕೆಂದೇ ತೋಚಲಿಲ್ಲ. ಅಷ್ಟರಲ್ಲಿ ಯಾರೋ ಪ್ರವಾಸಿಗಳು ಒಳಗೆ ಬಂದರು. ಇಬ್ಬರೂ ದಡಕ್ಕನೆ ಎದ್ದು, "ಬನ್ನಿ ಬನ್ನಿ, ಕೂತ್ಕೊಳ್ಳಿ" ಅಂದುಬಿಟ್ಟೆವು! ನಾನಂತೂ ನೀರಿನ ಜಗ್ ಎತ್ತಿಕೊಂಡಾಗಿತ್ತು.

ಹೋಟೆಲಿನಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಭುಜ ಒತ್ತಿ ಕೂರಿಸಿ, "ಇವತ್ತು ನೀವು ಉಣ್ಣಿ ಅಕ್ಕಾ. ನಿಮ್ಗೇನಿಷ್ಟ ಹೇಳಿ, ಮಾಡ್ಕೊಡ್ತೀನಿ" ಅಂದಳು.

ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಮೆಸ್ಸಿಗೆ ಬರುವ ಮೇಷ್ಟ್ರಿಗೆ ಖಾರ ಆಗದು, ನರ್ಸಮ್ಮನಿಗೆ ತಳ ಹಿಡಿದ ಅನ್ನವೇ ಬೇಕು, ಇದೆಲ್ಲ ನಮಗೆ ಬಾಯಿಪಾಠ. ನನ್ನದು? ಪಾತ್ರೆಯಲ್ಲಿ ಉಳಿದಿದ್ದೇ ನನ್ನ ಊಟ. "ಏನಾದ್ರೂ ಆದೀತಮ್ಮಾ" ಅಂದೆ. ಹಾಗೆ ಬಂದದ್ದು ಈ ಮೀನು.

ನಿದ್ದೆ ಹೋಗಿದ್ದಾರೆ ಅಂದುಕೊಂಡಿದ್ದ ಇವರು ಈಗಷ್ಟೇ ಮಗ್ಗುಲಾಗಿ, "ಅಲ್ವೇ, ನಿಂಗೆ ನಿಜವಾಗ್ಲೂ ಏನಿಷ್ಟ?" ಅಂದರು.

"ಯೋಚಿಸ್ತಿದ್ದೀನಿ, ಮಲಕ್ಕೊಳ್ಳಿ."

ಚಿಕ್ಕವಳಿದ್ದಾಗ ಏನೋ ಒಂದಿತ್ತು. ಹುಳಿಯಾಗಿ, ಬಿಸಿಬಿಸಿಯಾಗಿ, ಅಮ್ಮ ನೇರ ಅಂಗೈಗೇ ಹಾಕುತ್ತಿದ್ದಳು. ಕಣ್ಣು ಎಳೆಯುತ್ತಿದೆ. ಮಂಚ ಇನ್ನೊಂದಿಷ್ಟು ದೂರ ತೇಲಿದರೆ ಅಲ್ಲಿಗೇ...